ಹಿಂದಕ್ಕೆ ಹಾರಿದ ಬಾವುಟ

ಗೇಟು ಸದ್ದಾದರೆ ಬಂದವರು ಯಾರೆಂದು ನೋಡುವ ಮೊದಲೇ ನಾನು ಶೆಡ್ಡಿಗೆ ಓಡಿ ಕಟ್ಟುತ್ತಿದ್ದ ಪುಟ್ಟ ಮರದ ಹಡಗಿನ ಮೇಲೆ ಗೋಣಿತಾಟು ಹೊದಿಸಿಬಿಡುತ್ತಿದ್ದೆ. ಕದ್ದು ಸಾರಾಯಿ ಕಾಯಿಸುವವರಿಗೂ ಇಷ್ಟು ಗಾಬರಿ ಇರಲಾರದು. ಏನು ಮಾಡಲಿ ಹೇಳಿ? ಶಿರಂಗಾಲದಂಥ ಊರಿನಲ್ಲಿ, ಎಲ್ಲರೂ ಶುಂಠಿ ಕೀಳುವ ಗಡಿಬಿಡಿಯಲ್ಲಿರುವಾಗ, ಮೊಮ್ಮಗಳನ್ನು ಕಂಡ ಗಂಡಸೊಬ್ಬ ಚಿಮಟ ಹಿಡಿದು ಕೂತು ಬೆರಳುದ್ದದ ಏಣಿಗೆ ಮೆಟ್ಟಿಲು ಅಂಟಿಸುತ್ತಿದ್ದರೆ ಊರು ಏನೆಂದೀತು? ಒಮ್ಮೆ ಗೋಣಿ ಜಾರಿ ಬಿದ್ದಾಗ ಪಕ್ಕದ ಹೊಲದ ರಾಜೇಗೌಡರು ಬಗ್ಗಿ ನೋಡಿ, "ಮೊಮ್ಮಗಳಿಗೇನೋ?" ಎಂದರು. ಹೂಂ ಎಂದುಬಿಟ್ಟೆ. ಆ ಕೂಸು ಆಗಿನ್ನೂ ಮಗ್ಗುಲು ಮಗುಚುವುದನ್ನೂ ಕಲಿತಿರಲಿಲ್ಲ.

ನಾಚಿಕೆಗೆ ಇನ್ನೊಂದು ಕಾರಣವೂ ಇದೆ. ಹಳೆಯ ಕಾಲದ ಹಾಯಿಹಡಗುಗಳನ್ನು ಮರದಲ್ಲಿ ಕಡೆಯುವ ನಾನು ಅಂಥದ್ದೊಂದನ್ನು ಕಣ್ಣಾರೆ ಕಂಡವನಲ್ಲ, ಚಿತ್ರದಲ್ಲಿ ಕಂಡವನು. ಸಮುದ್ರವನ್ನೇನೋ ನೋಡಿದ್ದೇನೆ. ಮಾಕುಟ್ಟದ ಘಟ್ಟ ಇಳಿದು ಕಣ್ಣೂರಿನ ಕಡೆ ಮದುವೆಗೆ ಹೋದಾಗ ನನಗೆ ಅಲ್ಲಿ ಕಂಡದ್ದು ಮೀನಿನ ದೋಣಿಗಳು ಮತ್ತು ಐಸ್‌ಕ್ರೀಂ ಗಾಡಿ. ನಮ್ಮದೇನಿದ್ದರೂ ಕಾವೇರಿ, ಕಾವೇರಿಯ ಮೇಲೆ ದುಂಡನೆಯ ತೆಪ್ಪ. ತೆಪ್ಪಕ್ಕೆ ಮುಂದು ಹಿಂದು ಎಂಬುದೇ ಇಲ್ಲ. ಗಿರಗಿರ ತಿರುಗುತ್ತ ಹೇಗೋ ಆಚೆ ದಡ ಮುಟ್ಟಿಸುತ್ತದೆ. ಅದರಲ್ಲಿ ಕೂತು ಬೆಳೆದವನಿಗೆ ನೌಕಾಶಾಸ್ತ್ರ ಎಷ್ಟು ದಕ್ಕಬಹುದೋ ಅಷ್ಟೇ ದಕ್ಕಿದೆ.

ಈ ಹುಚ್ಚು ಹಿಡಿಸಿದವರು ನಮ್ಮ ತಾತ. ಹಾಸನದ ಕಡೆಯಿಂದ ಬಂದು ಇಲ್ಲಿ ನೆಲೆಸಿದ ಅವರಿಗೆ ಕಾಡಿನ ಕಥೆಗಳೆಂದರೆ ಪ್ರಾಣ. ಹಿಂದೆ ಘಟ್ಟದ ಕಾಡಿನಲ್ಲಿ ನೆಟ್ಟಗೆ ಬೆಳೆದ ಮರಗಳನ್ನು ಹುಡುಕಿ ಕಡಿದು, ಕೂವೆಮರಕ್ಕೆ, ಎಂದರೆ ಹಡಗಿನ ಹಾಯಿ ಕಟ್ಟುವ ಕಂಬಕ್ಕೆ, ಕರಾವಳಿಗೆ ಎಳೆದೊಯ್ಯುತ್ತಿದ್ದರಂತೆ. "ನಮ್ ಮರಗಳು ಲೋಕ ಸುತ್ತಿದ್ವು ಕಣ್ಲಾ, ನಾವು ಕುಶಾಲನಗರದ ಸಂತೆ ದಾಟ್ಲಿಲ್ಲ" ಎಂದು ಹೇಳಿ ಎಲೆಅಡಿಕೆ ಉಗಿಯುತ್ತಿದ್ದರು. ಆ ಮರಗಳ ಮೇಲೆ ನನಗೆ ಅಂದಿನಿಂದಲೂ ಸಣ್ಣ ಹೊಟ್ಟೆಕಿಚ್ಚು.

ನನ್ನ ಕಾರ್ಖಾನೆಯ ಸರಕೆಲ್ಲ ಮನೆಯದೇ. ಹಾಯಿಗೆ ನನ್ನ ಹಳೆಯ ಪಂಚೆ. ಹಗ್ಗಕ್ಕೆ ಹೊಲಿಗೆಯ ದಾರ. ಅದು ಹಳೆಯದಾಗಿ ಕಾಣಲೆಂದು ಕಾಫಿ ಡಿಕಾಕ್ಷನ್ನಿನಲ್ಲಿ ನೆನೆಹಾಕುತ್ತೇನೆ. ಚಿಕೋರಿ ಜಾಸ್ತಿಯಿದ್ದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ, ಇದು ನನ್ನದೇ ಸಂಶೋಧನೆ. ತೆಳು ಹಲಗೆಗಳನ್ನು ಹಡಗಿನ ಹೊಟ್ಟೆಯ ಆಕಾರಕ್ಕೆ ಬಗ್ಗಿಸಬೇಕಾದರೆ ಹಬೆಯಲ್ಲಿ ಬೇಯಿಸಬೇಕು. ಕೊಡಗಿನ ಮನೆಯಲ್ಲಿ ಹಬೆಗೆ ಬರವೇ? ಕಡುಬಿನ ಪಾತ್ರೆ ಇದೆಯಲ್ಲ. ಹೆಂಡತಿ ಸಾವಿತ್ರಿ ಒಂದು ದಿನ ಮುಚ್ಚಳ ತೆಗೆದು ನಿಂತವಳು, "ಏನ್ರೀ, ಕಡುಬು ಅಂದ್ಕೊಂಡು ಚಟ್ನಿ ಅರೆದಿಟ್ಟಿದೀನಿ. ಈ ಹಲಗೆಗೆ ನೆಂಚ್ಕೊಳ್ಳೋಕೆ ಆಯ್ತದಾ?" ಎಂದಳು. ಚಟ್ನಿ ಅಂದು ಬರೀ ಅನ್ನಕ್ಕಾಯಿತು.

ಹೀಗೆ ನಾಚಿಕೊಂಡೇ ಕಾಲ ಕಳೆಯುತ್ತಿದ್ದವನಿಗೆ ಹಡಗು ಕಟ್ಟಲು ಒಂದು ಮರ್ಯಾದೆಯ ಕಾರಣ ಸಿಕ್ಕಿತು. ಅದು ಸಿಕ್ಕಿದ್ದು ದುಃಖದಿಂದ. ನಮ್ಮಕ್ಕನನ್ನು ಕೊಟ್ಟಿರುವುದು ಕುಶಾಲನಗರಕ್ಕೆ. ಭಾವ ನೌಕಾಪಡೆಯಲ್ಲಿದ್ದು ನಿವೃತ್ತರಾದವರು. ಒಂದು ಹಡಗಿನಿಂದ ಇನ್ನೊಂದಕ್ಕೆ ಬಾವುಟಗಳ ಮೂಲಕ ಸುದ್ದಿ ಮುಟ್ಟಿಸುವುದು ಅವರ ಕೆಲಸವಾಗಿತ್ತು. ಮಾತಿನ ಮಲ್ಲ. ಅಂಥವರಿಗೆ ಕಳೆದ ಮಳೆಗಾಲದಲ್ಲಿ ಪಾರ್ಶ್ವವಾಯು ಬಡಿಯಿತು. ಕೈಕಾಲು ಒಂದು ಮಟ್ಟಕ್ಕೆ ಬಂದವು, ಮಾತು ಬರಲಿಲ್ಲ. ಪ್ರಯತ್ನ ಪಟ್ಟರೆ ಬರುತ್ತದೆ, ಹೇಗಾದರೂ ಮಾತಾಡಿಸಿ ಎಂದರು ಡಾಕ್ಟರು. ಪದ ತೊದಲಿದರೆ ಭಾವನಿಗೆ ಅವಮಾನ. ಬಾಯಿಯನ್ನೇ ಮುಚ್ಚಿಕೊಂಡು ಗೋಡೆ ನೋಡುತ್ತ ಕೂತರು. "ಬೈದ್ರೂ ಸಾಕಾಗಿತ್ತು ಕಣೋ ಶಿವು" ಎಂದಳು ಅಕ್ಕ, ಫೋನಿನಲ್ಲಿ.

ಅವತ್ತಿನಿಂದ ನಾನು ಗೋಣಿತಾಟು ಹೊದಿಸುವುದನ್ನು ಬಿಟ್ಟೆ. ಭಾವನಿಗೆಂದೇ ಮೂರು ಕೂವೆಮರದ ದೊಡ್ಡ ಹಡಗು ಕಟ್ಟಿದೆ. ಹಾಯಿಗಳು ಗಾಳಿ ತುಂಬಿ ಮುಂದಕ್ಕೆ ಉಬ್ಬಿದಂತೆ ಕಾಣಲು ಪಂಚೆಗೆ ಗಂಜಿ ಹಾಕಿ ಮಡಕೆಯ ಮೇಲೆ ಒಣಗಿಸಿದೆ. ತುದಿಯಲ್ಲಿ ಒಂದು ಕೆಂಪು ಬಾವುಟ. ಅದಕ್ಕೂ ಗಂಜಿ ಕೊಟ್ಟು, ಹಿಂದಕ್ಕೆ ಪಟಪಟ ಹಾರುವಂತೆ ಅಲೆ ಅಲೆಯಾಗಿ ಕೂರಿಸಿದೆ. ಜೀಪಿನಲ್ಲಿ ಹಡಗನ್ನು ತೊಡೆಯ ಮೇಲಿಟ್ಟುಕೊಂಡು ಕುಶಾಲನಗರಕ್ಕೆ ಹೋಗುವಾಗ, ಜೀವನದಲ್ಲಿ ಮೊದಲ ಸಲ, ನನ್ನ ಹುಚ್ಚಿನ ಬಗ್ಗೆ ನನಗೆ ಹೆಮ್ಮೆಯಾಗಿತ್ತು.

ಅಕ್ಕ ಅಕ್ಕಪಕ್ಕದವರನ್ನೆಲ್ಲ ಕರೆದಿದ್ದಳು. ಅವರು ಆಹಾ ಓಹೋ ಎಂದರು. ಭಾವ ಮಾತ್ರ ಹಡಗನ್ನು ನೋಡುತ್ತಲೇ ಇದ್ದರು. ಕಣ್ಣು ಹಾಯಿಯಿಂದ ಮೇಲಕ್ಕೆ ಹತ್ತಿ ಬಾವುಟದ ಬಳಿ ನಿಂತಿತು. ಮುಖ ಕೆಂಪಾಯಿತು. ತುಟಿ ಅದುರಿತು.

"ಗಾ... ಗಾಳಿ. ಎಲ್ಲಿಂದ?"

ನಾನು, "ಹಿಂದ್ಗಡೆಯಿಂದ ಭಾವ, ಅದಕ್ಕೇ ಹಾಯಿ ಮುಂದಕ್ಕೆ ಉಬ್ಬಿರೋದು" ಎಂದೆ.

"ಮತ್ತೆ... ಬಾವುಟ? ಅದಕ್ಕೆ... ಬೇರೆ ಗಾಳಿಯಾ? ಕ... ಕತ್ತೆ!"

ನೋಡಿ, ಬಾವುಟ ಹಾರುವುದನ್ನು ನಾನು ಹತ್ತಿರದಿಂದ ಕಂಡಿದ್ದೆಲ್ಲ ಜೀಪಿನ ಬಾನೆಟ್ಟಿನ ಮೇಲೆ, ರಾಜ್ಯೋತ್ಸವದ ಮೆರವಣಿಗೆಯಲ್ಲಿ. ಜೀಪು ಮುಂದೆ ಹೋದರೆ ಬಾವುಟ ಹಿಂದೆ ಹಾರುತ್ತದೆ. ಜೀಪನ್ನು ಓಡಿಸುವುದು ಡೀಸೆಲ್ಲು, ಹಡಗನ್ನು ನೂಕುವುದು ಗಾಳಿ. ಹಿಂದಿನಿಂದ ನೂಕುವ ಗಾಳಿ ಬಾವುಟವನ್ನೂ ಮುಂದಕ್ಕೇ ಹಾರಿಸುತ್ತದೆ ಎಂಬುದು ಘಟ್ಟದ ಮೇಲಿನ ಈ ತಲೆಗೆ ಹೊಳೆದಿರಲಿಲ್ಲ. ಅದೂ ಬಾವುಟದಲ್ಲೇ ಬದುಕು ಕಳೆದ ಮನುಷ್ಯನಿಗೆ ಕೊಟ್ಟ ಹಡಗಿನಲ್ಲಿ! ಅಕ್ಕಪಕ್ಕದವರು ಗೊಳ್ಳೆಂದರು. ಕಿವಿ ಸುಟ್ಟಂತಾಯಿತು. "ಈಗಲೇ ಸರಿಮಾಡ್ಕೊಂಡು ಬರ್ತೀನಿ ಭಾವ" ಎಂದು ಹಡಗನ್ನು ಎತ್ತಿಕೊಂಡು ಹೆಚ್ಚುಕಡಿಮೆ ಓಡಿದೆ.

ಅಕ್ಕ ಬಾಗಿಲಲ್ಲಿ ಅಡ್ಡ ನಿಂತಳು. ಕಣ್ಣಲ್ಲಿ ನೀರು. "ಇಡೋ ಅದನ್ನ. ನಿಂಗೆ ನಿನ್ ಬಾವುಟದ್ದೇ ಆಯ್ತಲ್ಲ. ಅವ್ರು ಮಾತಾಡಿದ್ದು ಕೇಳಿಸ್ಲಿಲ್ವಾ?"

ಕೇಳಿಸಿತ್ತು. ಆದರೆ ನಾನು ಕೇಳಿಸಿಕೊಂಡಿದ್ದು ಕತ್ತೆ ಎಂಬ ಶಬ್ದವನ್ನಷ್ಟೆ. ಯಾವ ಒಂದು ಮಾತಿಗಾಗಿ ಆ ಮನೆ ತಿಂಗಳುಗಟ್ಟಲೆ ಕಾದಿತ್ತೋ ಆ ಮಾತು ಬಂದಾಗ, ನಾನು ನಾಲ್ಕು ಜನ ನಕ್ಕಿದ್ದನ್ನು ಲೆಕ್ಕ ಹಾಕುತ್ತಿದ್ದೆ. ಗೋಣಿತಾಟಿನ ನಾಚಿಕೆ, ಕಡುಬಿನ ಪಾತ್ರೆಯ ನಾಚಿಕೆ ಎಲ್ಲ ಇದರ ಮುಂದೆ ಯಾವ ಮೂಲೆಗೆ? ಹಡಗನ್ನು ಟಿ.ವಿ. ಪಕ್ಕದಲ್ಲಿಟ್ಟು, ಅಕ್ಕನ ಮುಖ ನೋಡಲಾರದೆ ಕಾಫಿಯನ್ನೂ ಕುಡಿಯದೆ ಬಂದೆ.

ಬಾವುಟ ಇವತ್ತಿಗೂ ಹಿಂದಕ್ಕೇ ಹಾರುತ್ತಿದೆ. ಭಾವ ಯಾರಿಗೂ ಮುಟ್ಟಗೊಡುವುದಿಲ್ಲ. ಬಂದವರನ್ನೆಲ್ಲ ಕೂರಿಸಿ, ಗಾಳಿ ಎಲ್ಲಿಂದ ಎಂದು ಶುರುಮಾಡುತ್ತಾರೆ. ಒಂದೊಂದು ಸಲಕ್ಕೂ ಕಥೆ ಒಂದೊಂದು ವಾಕ್ಯ ಉದ್ದವಾಗುತ್ತಿದೆ, ನನ್ನ ದಡ್ಡತನವೂ ಅದರ ಜೊತೆಗೆ ಬೆಳೆಯುತ್ತಿದೆ. ನಾನು ಆ ಮನೆಗೆ ಹೋಗುವುದನ್ನು ಹೊಸ ಹೊಸ ನೆಪ ಹೇಳಿ ತಪ್ಪಿಸಿಕೊಳ್ಳುತ್ತಿದ್ದೆ.

ಮೊನ್ನೆ ತಪ್ಪಿಸಿಕೊಳ್ಳಲಾಗಲಿಲ್ಲ. ಹೋದಾಗ, ಗ್ಯಾಸ್ ಸಿಲಿಂಡರ್ ತಂದವರನ್ನು ಹಿಡಿದು ಕೂರಿಸಿ ಭಾವ ಕಥೆ ನಡೆಸಿದ್ದರು. ಹಾಯಿ, ಆಮೇಲೆ ನಾನು ಅಕ್ಕನಿಗೆ ಫೋನಿನಲ್ಲಿ ಒಪ್ಪಿಕೊಂಡಿದ್ದ ಜೀಪು, ರಾಜ್ಯೋತ್ಸವ ಎಲ್ಲ ಬಂತು. "ನನ್ ಭಾಮೈದ ಇದಾನಲ್ಲ, ಇವ್ನು ಒಬ್ಬ..." ಎನ್ನುತ್ತಿದ್ದಂತೆ ಪದ ಸಿಕ್ಕಿಹಾಕಿಕೊಂಡಿತು. ತುಟಿ ತಡಕಾಡಿತು. ಸಿಲಿಂಡರಿನವರು ನೆಲ ನೋಡಿದರು. ಭಾವನ ಕಣ್ಣು ಮೆಲ್ಲಗೆ ಆ ಹಳೆಯ ಗೋಡೆಯ ಕಡೆ ಹೊರಳಲು ತೊಡಗಿತು. ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಉಸಿರು ಬಿಗಿಹಿಡಿದು ನಿಂತಿದ್ದಳು.

"ಕತ್ತೆ, ಭಾವ" ಎಂದೆ.

"ಹಾಂ! ಕತ್ತೆ!" ಎಂದರು ಭಾವ, ತೊಡೆ ತಟ್ಟಿ, ಸ್ಪಷ್ಟವಾಗಿ. ಕಥೆ ಮುಂದೆ ಸಾಗಿತು.