ರಕ್ಷಕ ಎಂದು ಬರೆದಿದ್ದ ಬೋರ್ಡು

ನಾನು ಓದಿದ್ದು ತಪ್ಪಲ್ಲ. ನಾವು ಸಂತೆಗೆ ಹೋಗುತ್ತಿದ್ದ ಊರಿನ ಪೋಲೀಸ್ ಠಾಣೆಯ ಬೋರ್ಡಿನ ಮೇಲೆ ತೆಲುಗು ಅಕ್ಷರಗಳಲ್ಲಿ ‘ರಕ್ಷಕಭಟ ನಿಲಯಮು’ ಎಂದೇ ಬರೆದಿತ್ತು. ಆಗ ನಮ್ಮದು ಬಳ್ಳಾರಿ ಜಿಲ್ಲೆ, ಮದರಾಸು ಸರ್ಕಾರ. ಬಾಯಲ್ಲಿ ಎಲ್ಲರೂ ಪೋಲೀಸ್ ಎನ್ನುತ್ತಿದ್ದರು. ಬೋರ್ಡು ಓದಬಲ್ಲವಳು ನಮ್ಮ ಕೇರಿಯಲ್ಲಿ ನಾನೊಬ್ಬಳೇ. ನನಗೆ ಹದಿನೇಳು ವರ್ಷ. ಓದು ಕಲಿಸಿದವರು ಕ್ರೈಸ್ತ ಮಿಶನ್ನಿನ ಉಪದೇಶಿ. ವಾರಕ್ಕೊಮ್ಮೆ ರಾಯದುರ್ಗದಿಂದ ನಡೆದು ಬಂದು, ನಮ್ಮ ಮನೆಯ ಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಪ್ರಾರ್ಥನೆ ಮಾಡಿಸುತ್ತಿದ್ದರು. ಅವರ ಕೈಯಲ್ಲಿದ್ದ ಪುಸ್ತಕಗಳು ತೆಲುಗಿನವು, ಹಾಗಾಗಿ ನನಗೆ ಬಂದ ಅಕ್ಷರವೂ ತೆಲುಗು. ಆ ಪ್ರಾರ್ಥನೆಯಲ್ಲಿ ಮತ್ತೆ ಮತ್ತೆ ಬರುತ್ತಿದ್ದ ಮಾತು ‘ರಕ್ಷಕ’.

ಸಂತೆಯ ದಿನ ಬೋರ್ಡನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಎರಡು ಸಲ ಓದಿಸಿದ. ‘ಹಂಗಾದ್ರ ರಕ್ಷಕ ಇಷ್ಟು ಹತ್ರ ಅದಾನ’ ಎಂದ.

ನಮಗೆ ನೀರು ನಿಂತು ಅಂದಿಗೆ ಹನ್ನೆರಡು ದಿನ. ನಮ್ಮೂರ ಬಾವಿಯನ್ನು ನಮ್ಮ ಕೇರಿಯವರು ಮುಟ್ಟುವಂತಿರಲಿಲ್ಲ. ಕೊಡಗಳನ್ನು ಸಾಲಾಗಿ ಇಟ್ಟು ದೂರ ನಿಲ್ಲಬೇಕು. ಊರಿನವರಲ್ಲಿ ಯಾರಿಗಾದರೂ ಮನಸ್ಸು ಬಂದಾಗ ಸೇದಿ, ಮೇಲಿನಿಂದ ಹೊಯ್ಯುತ್ತಿದ್ದರು. ಅಪ್ಪನ ಮಾತು ನಂಬಿ ಏಳು ಮನೆಯವರು ದೀಕ್ಷಾಸ್ನಾನ ಪಡೆದ ಮೇಲೆ ಹೊಯ್ಯುವುದನ್ನು ನಿಲ್ಲಿಸಿದರು. ಒಬ್ಬಾಕೆ ನನ್ನ ಖಾಲಿ ಕೊಡವನ್ನು ನೋಡಿ, ‘ನಿಮ್ ಹೊಸಾ ದೇವರಿಗೆ ಕೈ ಇಲ್ಲೇನೇ? ಅವನೇ ಸೇದಿ ಹೊಯ್ಲಿ’ ಎಂದಳು. ಹಳ್ಳದ ಮರಳಿನಲ್ಲಿ ನಾವು ತೋಡಿಕೊಂಡಿದ್ದ ಚಿಲುಮೆಗೆ ಯಾರೋ ಸತ್ತ ನಾಯಿ ಹಾಕಿದರು. ದೂರದಲ್ಲಿ ಇನ್ನೊಂದು ತೋಡಿ, ಬಸಿದು ಬಂದ ಕೆಂಪು ನೀರನ್ನು ಸೀರೆಯ ಸೆರಗಿನಲ್ಲಿ ಸೋಸಿ ಕುಡಿದೆವು.

ಆ ವಾರ ಉಪದೇಶಿ ಬಂದಾಗ ಅಪ್ಪ ಬೋರ್ಡಿನ ವಿಷಯ ತೆಗೆದ. ಠಾಣೆಯವರನ್ನು ಕರೆದುಕೊಂಡು ಬರಲು ಏಕೆ ಹಿಂದೆ ಮುಂದೆ ನೋಡುತ್ತೀರಿ ಎಂದು ಕೇಳಿದ.

‘ನಾ ಹೇಳೋ ರಕ್ಷಕ ಲಾಠಿ ಹಿಡಕೊಂಡು ಬರಾದಿಲ್ಲಪ್ಪ.’

‘ಮತ್ತ ಏನ್ ಹಿಡಕೊಂಡು ಬರ್ತಾನ್ರಿ?’

‘ಏನೂ ಇಲ್ಲ. ಬರೇ ಕೈ.’

‘ಬರೇ ಕೈಯವ್ರು ನಮ್ಮ ಕೇರ್ಯಾಗ ಬೇಕಾದಷ್ಟು ಮಂದಿ ಅದೀವ್ರಿ’ ಎಂದ ಅಪ್ಪ. ಏಳೂ ಮನೆಯವರು ನಕ್ಕರು. ನಾನೂ ನಕ್ಕೆ.

ಮರುದಿನ ಅಪ್ಪ ನನ್ನನ್ನು ಕರೆದುಕೊಂಡು ತಾನೇ ಠಾಣೆಗೆ ಹೋದ. ಒಳಗಿದ್ದವನು ನಾವು ಹೇಳಿದ್ದನ್ನೆಲ್ಲ ಕೇಳಿದ. ಊರಿನ ಹೆಸರು ಕೇಳಿದ, ಅಪ್ಪನ ಹೆಸರು ಕೇಳಿದ. ಏನನ್ನೂ ಬರೆದುಕೊಳ್ಳಲಿಲ್ಲ. ಮಾರನೆಯ ಮಧ್ಯಾಹ್ನ ನಮ್ಮೂರ ಗೌಡನ ಆಳುಗಳು ಅಪ್ಪನ ಹೆಸರು ಹಿಡಿದೇ ಕೂಗುತ್ತ ಕೇರಿಗೆ ಬಂದರು. ಬಾವಿಯ ಹಗ್ಗವನ್ನು ನೆನೆಸಿ ತಂದಿದ್ದರು. ನಾನು ಬಾಗಿಲಲ್ಲಿ ನಿಂತಿದ್ದೆ. ಹನ್ನೊಂದು ಏಟಿನವರೆಗೆ ಎಣಿಸಿದೆ, ಆಮೇಲಿನದು ಎಣಿಸಲಿಲ್ಲ.

ಸುದ್ದಿ ತಿಳಿದು ಉಪದೇಶಿ ಮರುದಿನ ಬೆಳಿಗ್ಗೆ ಬಂದರು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ, ತಿರುಗಿ ನೋಡಲಿಲ್ಲ. ಅವರು ನಮ್ಮ ಮನೆಯ ಖಾಲಿ ಕೊಡವನ್ನು ಎತ್ತಿಕೊಂಡು ಬಾವಿಯ ಕಡೆ ಹೊರಟರು. ನಾವು ಐದಾರು ಜನ ದೂರದಿಂದ ಹಿಂಬಾಲಿಸಿದೆವು. ಕಲೆಕ್ಟರ ಹೆಸರು ಹೇಳಬಹುದು, ದೊರೆಗಳಿಗೆ ಕಾಗದ ಬರೆಯುತ್ತೇನೆಂದು ಹೆದರಿಸಬಹುದು ಎಂದು ಕಾದೆವು. ಅವರು ಕೊಡವನ್ನು ನಾವಿಡುತ್ತಿದ್ದ ಜಾಗದಲ್ಲೇ ಇಟ್ಟರು, ನಾವು ನಿಲ್ಲುತ್ತಿದ್ದಷ್ಟೇ ದೂರದಲ್ಲಿ ನಿಂತು ಕೈಮುಗಿದರು. ಏಳು ಮನೆಗೆ ನೀರು ಹೊಯ್ಯಿರಿ ಎಂದು ಬೇಡಿದರು.

ಗೌಡನ ಮಗ ಕಲ್ಲೆತ್ತಿಕೊಂಡು ಮೊದಲು ಕೊಡ ಒಡೆದ. ಎರಡನೆಯ ಕಲ್ಲು ಉಪದೇಶಿಯ ಹಣೆಗೆ ಬಿತ್ತು. ಅವರು ಮುಗಿದ ಕೈ ಬಿಡಲಿಲ್ಲ. ರಕ್ತ ಹುಬ್ಬಿನಿಂದ ಇಳಿದು ಕಣ್ಣಿಗೆ ಹೋಯಿತು, ಅದನ್ನೂ ಒರೆಸಿಕೊಳ್ಳಲಿಲ್ಲ. ನನಗೆ ಕನಿಕರ ಹುಟ್ಟಲಿಲ್ಲ. ಹುಟ್ಟಿದ್ದು ಹೇಸಿಗೆ. ಇಂಥವನ ಮಾತು ನಂಬಿ ನಾವು ಇದ್ದ ನೀರನ್ನೂ ಕಳೆದುಕೊಂಡೆವಲ್ಲ ಎಂದು ಹಲ್ಲು ಕಚ್ಚಿದೆ.

ಅವರು ನಮ್ಮ ಮನೆಗೇ ಬಂದು ಹೊಸ್ತಿಲ ಹೊರಗೆ ಕೂತರು. ‘ಒಂದೀಟು ನೀರು ಕೊಡು ತಾಯಿ’ ಎಂದರು.

‘ಇಲ್ರಿ’ ಎಂದೆ.

ಮನೆಯ ಇನ್ನೊಂದು ಕೊಡ ನನ್ನ ಹಿಂದೆಯೇ ಇತ್ತು. ಸೋಸಿದ ನೀರು ಅರ್ಧದವರೆಗೆ ಇತ್ತು. ಅದರ ಬಾಯಿಗೆ ಬಟ್ಟೆ ಕಟ್ಟಿರಲಿಲ್ಲ. ಅವರು ಕೂತಲ್ಲಿಂದ ನೀರು ಕಾಣುತ್ತಿತ್ತು. ಕೊಡವನ್ನು ನೋಡಿದರು, ನನ್ನನ್ನು ನೋಡಿದರು. ‘ಇರಲಿ’ ಎಂದು ಎದ್ದು ರಾಯದುರ್ಗದ ದಾರಿ ಹಿಡಿದರು. ಬಿಸಿಲು ಏರಿತ್ತು. ಆ ನೀರಿನಲ್ಲಿ ನಾನು ಮುದ್ದೆಗೆ ಎಸರಿಟ್ಟೆ.

ಎಂಟು ದಿನದೊಳಗೆ ಏಳೂ ಮನೆಯವರು ಗೌಡನ ಕಾಲಿಗೆ ಬಿದ್ದೆವು. ಅಪ್ಪನೇ ಎಲ್ಲರಿಗಿಂತ ಮೊದಲು ಬಿದ್ದ. ಮತ್ತೆ ನೀರು ಹೊಯ್ದರು. ಉಪದೇಶಿ ಆ ಕಡೆ ಮತ್ತೆ ಬರಲಿಲ್ಲ.

ಮದುವೆಯಾಗಿ ಮಡಕಶಿರಾ ಕಡೆಗೆ ಬಂದ ಮೇಲೆ, ಬಹಳ ವರ್ಷ ಬಿಟ್ಟು ನಾನು ಮತ್ತೆ ಸಭೆಗೆ ಸೇರಿದೆ. ಅಲ್ಲಿ ಒಂದು ಶುಭ ಶುಕ್ರವಾರ, ಶಿಲುಬೆಯ ಮೇಲಿದ್ದವನು ‘ನನಗೆ ನೀರಡಿಕೆಯಾಗಿದೆ’ ಎಂದ ಭಾಗವನ್ನು ಓದುವ ಸರದಿ ನನ್ನದಾಯಿತು. ಓದಲಾಗದೆ ಕೂತುಬಿಟ್ಟೆ. ನಾವು ಕಾದಿದ್ದು ಗೌಡನಿಗಿಂತ ದೊಡ್ಡ ಗೌಡನೊಬ್ಬನಿಗೆ. ಹಗ್ಗ ಅವನ ಕೈಯಲ್ಲಿರಬೇಕು, ಏಟು ಊರಿನವರ ಬೆನ್ನಿಗೆ ಬೀಳಬೇಕು, ಇಷ್ಟೇ ನಮ್ಮ ರಕ್ಷಣೆಯ ಲೆಕ್ಕ. ಬಂದವನು ನಮ್ಮ ಜಾಗದಲ್ಲಿ ನಿಂತ, ನಮ್ಮ ಕಲ್ಲೇಟು ತಿಂದ, ಕಡೆಗೆ ನಮ್ಮನ್ನೇ ನೀರು ಕೇಳಿದ. ಹುಟ್ಟಿದಾಗಿನಿಂದ ನೀರು ಬೇಡಿಯೇ ಬದುಕಿದ್ದ ನನ್ನ ಮುಂದೆ ದೇವರು ಕೈಚಾಚಿದ್ದು ಅದೊಂದೇ ಸಲ.

ಇದರಿಂದ ನನಗೆ ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಬಾವಿ ತೆರೆಯದ ಆ ದೇವರ ಮೇಲೆ ನನಗಿನ್ನೂ ಸಿಟ್ಟಿದೆ. ಪ್ರತಿ ಭಾನುವಾರ ಆ ಸಿಟ್ಟನ್ನು ಹೊತ್ತುಕೊಂಡೇ ಹೋಗಿ ಅವನೆದುರು ಕೂರುತ್ತೇನೆ.