ನನ್ನ ಹೆಸರಿನ ಇನ್ನೊಬ್ಬಾಕೆಯ ಫೈಲು

ನಮ್ಮ ಮನೆತನದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದವಳು ನಾನೊಬ್ಬಳೇ. ಅದೂ ಯಾರೂ ಕರೆಯದೆ, ನಾನಾಗಿಯೇ, ಸ್ಯಾನ್ ಡಿಯಾಗೋದಿಂದ ಲಾಸ್ ಏಂಜಲಿಸ್‌ವರೆಗೆ ಕಾರು ಓಡಿಸಿಕೊಂಡು ಹೋಗಿ. ಈ ಸಂಗತಿಯನ್ನು ಗದಗಿನಲ್ಲಿರುವ ಅವ್ವನಿಗೆ ಇವತ್ತಿಗೂ ಹೇಳಿಲ್ಲ. ಹೇಳಿದರೆ ಆಕೆ ಮೊದಲು ಅಳುತ್ತಾಳೆ, ಆಮೇಲೆ ಯಾಕೆ ಎಂದು ಕೇಳುತ್ತಾಳೆ.

ಮದುವೆಯಾಗಿ ೨೦೦೮ರಲ್ಲಿ ಬಂದಾಗ ಗಂಡನ ಕೆಲಸ ಲಾಸ್ ಏಂಜಲಿಸ್ ಪಕ್ಕದ ಎಲ್ ಸೆಗುಂಡೋದಲ್ಲಿತ್ತು. ನಾನು ಧಾರವಾಡದಲ್ಲಿ ಮೈಕ್ರೋಬಯಾಲಜಿ ಎಂ.ಎಸ್ಸಿ. ಮಾಡಿದವಳು. ಆದರೆ ಗಂಡನ ವೀಸಾಕ್ಕೆ ಜೋತುಬಿದ್ದು ಬಂದ ಹೆಂಡತಿಗೆ ಇಲ್ಲಿ ಕೆಲಸ ಮಾಡಲು ಅನುಮತಿ ಇರಲಿಲ್ಲ. ಏಳು ವರ್ಷ ನನ್ನ ಸೂಕ್ಷ್ಮಜೀವಿಗಳ ಜ್ಞಾನವೆಲ್ಲ ಮೊಸರಿಗೆ ಹೆಪ್ಪು ಹಾಕುವುದಕ್ಕೆ ಬಳಕೆಯಾಯಿತು. ಮಗಳು ಹುಟ್ಟಿದಳು, ಗಂಡನ ಕೆಲಸ ಬದಲಾಯಿತು, ೨೦೧೧ರಲ್ಲಿ ಸ್ಯಾನ್ ಡಿಯಾಗೋಕ್ಕೆ ಬಂದೆವು. ೨೦೧೫ರಲ್ಲಿ ಕಾನೂನು ಬದಲಾಗಿ ನನ್ನಂಥವರಿಗೂ ಪರ್ಮಿಟ್ ಸಿಗತೊಡಗಿತು. ಅರ್ಜಿ ಹಾಕಿ ಹಾಕಿ ಬೆರಳು ಸವೆದ ಮೇಲೆ ಅದೇ ಊರಿನ ಟೊರ್ರಿ ಪೈನ್ಸ್‌ನ ಒಂದು ಲ್ಯಾಬಿನಲ್ಲಿ ಟೆಕ್ನಿಶಿಯನ್ ಕೆಲಸ ಸಿಕ್ಕಿತು. ಹಿನ್ನೆಲೆ ಪರಿಶೀಲನೆ ಮುಗಿದ ಮೇಲೆ ಸೇರಬಹುದು ಎಂದು ಆಫರ್ ಪತ್ರದ ಕೊನೆಗೊಂದು ಸಾಲಿತ್ತು. ನನ್ನ ಹಿನ್ನೆಲೆಯಲ್ಲಿ ಪರಿಶೀಲಿಸಲು ಏನಿದೆ ಎಂದು ನಕ್ಕು ಸಹಿ ಹಾಕಿದೆ.

ಒಂದು ಸೋಮವಾರ ಬೆಳಿಗ್ಗೆ ಆ ಸಂಸ್ಥೆಯ ಎಚ್‌ಆರ್ ಹೆಂಗಸಿನಿಂದ ಇಮೇಲ್ ಬಂತು. ಪರಿಶೀಲನೆ ಮಾಡಿದ ಕಂಪನಿಯ ವರದಿಯನ್ನು ಆಕೆ ಜೊತೆಗಿಟ್ಟಿದ್ದಳು. ಲಾಸ್ ಏಂಜಲಿಸ್ ಕೌಂಟಿ, ವರ್ಷ ೨೦೧೦, ಒಂದು ಕೇಸ್ ನಂಬರು, ಕೋರ್ಟಿಗೆ ಹಾಜರಾಗದ ಅಪರಾಧ. ಹೆಸರು ನನ್ನದು. ಹುಟ್ಟಿದ ದಿನ ಜೂನ್ ಒಂದು, ವರ್ಷವೂ ನನ್ನದೇ. ತೀರ್ಪು ಎಂಬ ಜಾಗ ಖಾಲಿ. ಇದರಲ್ಲಿ ತಪ್ಪಿದ್ದರೆ ಐದು ದಿನದೊಳಗೆ ತಿಳಿಸಿ, ಅಲ್ಲಿಯವರೆಗೆ ನಾವು ಯಾವ ನಿರ್ಧಾರವನ್ನೂ ಮಾಡುವುದಿಲ್ಲ ಎಂದು ಬರೆದಿದ್ದಳು. ಆಕೆಯ ಮುಖವನ್ನು ನಾನಿನ್ನೂ ನೋಡಿರಲಿಲ್ಲ. ಆದರೂ ಆ ಇಮೇಲಿಗಾಗಿ ನಾನು ಆಕೆಗೆ ಋಣಿ. ಅದು ಎಷ್ಟು ದೊಡ್ಡ ಉಪಕಾರ ಎಂಬುದು ಆಗ ಗೊತ್ತಾಗಿರಲಿಲ್ಲ.

ತಪ್ಪು ಎಂದು ತಕ್ಷಣ ಬರೆಯಬೇಕಿತ್ತು. ಬರೆಯಲಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ; ನಾನು ಹೆಗಲು ಮುಟ್ಟಿಕೊಂಡು ಕುಳಿತೆ.

ಯಾಕೆಂದರೆ ೨೦೧೦ರಲ್ಲಿ ನಾನೊಂದು ತಪ್ಪು ಮಾಡಿದ್ದೆ. ಸಾಮಾನು ತರಲು ಅದೇ ಲಾಸ್ ಏಂಜಲಿಸ್ ಕೌಂಟಿಯಲ್ಲಿ ನಮ್ಮವರ ಅಂಗಡಿಗಳಿರುವ ಆರ್ಟೀಸಿಯಾಕ್ಕೆ ಹೋಗಿದ್ದಾಗ ಮಗಳು ಕಾರಿನ ಹಿಂದಿನ ಸೀಟಿನಲ್ಲಿ ನಿದ್ದೆ ಹೋಗಿದ್ದಳು. ಆಗಿನ್ನೂ ಒಂದು ವರ್ಷದ ಕೂಸು. ರಾತ್ರಿಯೆಲ್ಲ ಅತ್ತು ಆಗಷ್ಟೇ ಕಣ್ಣು ಮುಚ್ಚಿದ್ದಳು. ಎಬ್ಬಿಸಲು ಮನಸ್ಸಾಗಲಿಲ್ಲ. ಕಿಟಕಿಯನ್ನು ಒಂದಿಷ್ಟು ಇಳಿಸಿ, ಕರಿಬೇವು ಕೊತ್ತಂಬರಿ ತಾನೇ, ಎರಡು ನಿಮಿಷ ಎಂದು ಅಂಗಡಿಯೊಳಗೆ ಓಡಿದೆ. ಎರಡು ನಿಮಿಷ ಹತ್ತಾಯಿತು. ತಿರುಗಿ ಬಂದಾಗ ಬಿಳಿ ಕೂದಲಿನ ಹೆಂಗಸೊಬ್ಬಳು ಕಾರಿನ ಪಕ್ಕ ನಿಂತು ನಂಬರ್ ಪ್ಲೇಟ್ ಬರೆದುಕೊಳ್ಳುತ್ತಿದ್ದಳು. ಪೊಲೀಸರಿಗೆ ಹೇಳುತ್ತೇನೆ ಎಂದಳು. ಸಾರಿ ಸಾರಿ ಎನ್ನುತ್ತ ಕಾರು ಹೊರಡಿಸಿದವಳು, ದಾರಿಯಲ್ಲಿ ನಿಲ್ಲಿಸಿ ಅತ್ತೆ. ಮತ್ತೆಂದೂ ಹಾಗೆ ಮಾಡಲಿಲ್ಲ. ಗಂಡನಿಗೂ ಹೇಳಲಿಲ್ಲ.

ಈಗ ಎಲ್ಲವೂ ತಾಳೆಯಾಯಿತು. ಆಕೆ ದೂರು ಕೊಟ್ಟಿದ್ದಾಳೆ, ಸಮನ್ಸ್ ಹಳೆಯ ಅಪಾರ್ಟ್‌ಮೆಂಟಿಗೆ ಹೋಗಿದೆ, ನಾವು ಮನೆ ಬದಲಿಸಿದ್ದೇವೆ, ನಾನು ಹಾಜರಾಗಿಲ್ಲ. ಕೆಲಸ ಹೋಯಿತು ಎಂದುಕೊಂಡೆ. ಬರೀ ಕೆಲಸ ಹೋದರೆ ಹಾಳಾಗಿ ಹೋಗಲಿ, ವೀಸಾ ಉಳಿಯುತ್ತದೋ ಇಲ್ಲವೋ ಎಂಬುದೇ ದೊಡ್ಡ ಚಿಂತೆಯಾಯಿತು.

ಮಗಳನ್ನು ಶಾಲೆಗೆ ಬಿಟ್ಟು ಬಂದು ಕಂಪ್ಯೂಟರ್ ಮುಂದೆ ಕುಳಿತೆ. ಕೌಂಟಿ ಕೋರ್ಟಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಹುಡುಕಬಹುದು ಎಂದು ಓದಿ, ಹೆಸರು ಹಾಕಿದೆ. ಏನೂ ಸಿಗಲಿಲ್ಲ. ದೇವರಿಗೆ ದೀಪ ಹಚ್ಚಿದೆ. ಹತ್ತು ನಿಮಿಷದ ಮೇಲೆ ಗೊತ್ತಾಯಿತು, ನಾನು ಹುಡುಕಿದ್ದು ಸ್ಯಾನ್ ಡಿಯಾಗೋ ಕೌಂಟಿಯಲ್ಲಿ. ಒಂದೊಂದು ಕೌಂಟಿಯ ದಾಖಲೆ ಆಯಾ ಕೌಂಟಿಯಲ್ಲೇ ಇರುತ್ತದೆ. ಗದಗ ಜಿಲ್ಲೆಯ ಹೊಲದ ಪಹಣಿ ಉತಾರವನ್ನು ಬಳ್ಳಾರಿಯಲ್ಲಿ ಕೇಳಿದರೆ ಕೊಡುತ್ತಾರೆಯೇ? ಲಾಸ್ ಏಂಜಲಿಸ್ ಕೌಂಟಿಯ ಪುಟಕ್ಕೆ ಹೋದೆ. ಗಂಡನ ಅಡ್ಡಹೆಸರು ಸೇರಿಸಿದೆ, ಇಲ್ಲ. ಪಾಸ್‌ಪೋರ್ಟಿನಲ್ಲಿದ್ದಂತೆ ನಡುವೆ ಅಪ್ಪನ ಹೆಸರಿಟ್ಟೆ, ಇಲ್ಲ. ಅಪ್ಪನನ್ನು ತೆಗೆದು, ತವರಿನ ಅಡ್ಡಹೆಸರಷ್ಟನ್ನೇ ಬಿಟ್ಟಾಗ ಒಂದು ಸಾಲು ಮೂಡಿತು. ಅದೇ ಕೇಸ್ ನಂಬರು. ಯಾವ ಕೋರ್ಟು ಕಟ್ಟಡ ಎಂಬುದೂ ಇತ್ತು, ಆ ಕೌಂಟಿಯಲ್ಲಿ ಅಂಥವು ಹತ್ತಾರು. ಏನು ನಡೆಯಿತು ಎಂಬುದು ಮಾತ್ರ ಇರಲಿಲ್ಲ. ಅದಕ್ಕೆ ಅಲ್ಲಿಗೇ ಹೋಗಬೇಕು.

ಮಂಗಳವಾರ ಸಂಜೆ ಗಂಡನ ಮುಂದೆ ಎಲ್ಲವನ್ನೂ ಹೇಳಿದೆ. ಅವರು ಬೆಂಗಳೂರಿನವರು, ಇಂಜಿನಿಯರು, ಸಿಟ್ಟು ಬಂದರೆ ಮಾತು ಕಡಿಮೆಯಾಗುತ್ತದೆ. ಎದ್ದು ಹೋಗಿ, ಆಡುತ್ತಿದ್ದ ಮಗಳ ತಲೆ ಸವರಿ ಬಂದು ಕುಳಿತರು.

"ಐದ್ ವರ್ಷ ಇದನ್ನ ಒಬ್ಳೇ ಇಟ್ಕೊಂಡಿದ್ಯಾ?" ಎಂದರು.

"ಹೇಳಿದ್ರ ನೀವು ಬೈತಿದ್ರಿ."

"ಬೈತಿದ್ದೆ. ಈಗ್ಲೂ ಬೈತೀನಿ, ಆದ್ರೆ ಶನಿವಾರ. ಮೊದ್ಲು ಹೋಗಿ ಫೈಲ್ ನೋಡು, ಆಮೇಲೆ ಅಳು. ನಾಳೆ ನಾನು ರಜಾ ಹಾಕಿ ಮಗೂನ ನೋಡ್ಕೋತೀನಿ."

ಆ ಶನಿವಾರ ಇನ್ನೂ ಬಂದಿಲ್ಲ. ಅದಕ್ಕಾಗಿ ಅವರಿಗೂ ಋಣಿ.

ಬುಧವಾರ ಬೆಳಿಗ್ಗೆ ಕೋರ್ಟು ತಲುಪಿದೆ. ಬಾಗಿಲಲ್ಲಿ ಬ್ಯಾಗು, ಬೆಲ್ಟು, ಚಪಾತಿ ಡಬ್ಬಿ ಎಲ್ಲವನ್ನೂ ಯಂತ್ರದೊಳಗೆ ಕಳಿಸಿ ಒಳಗೆ ಬಿಟ್ಟರು. ಕ್ಲರ್ಕ್ ಕಿಟಕಿಯ ಮುಂದೆ ಉದ್ದನೆಯ ಸಾಲು. ಕಿಟಕಿಯ ಹಿಂದೆ ನನ್ನ ಅತ್ತೆಯ ವಯಸ್ಸಿನ ಹೆಂಗಸು, ಕನ್ನಡಕವನ್ನು ಸರದಲ್ಲಿ ಕಟ್ಟಿ ಕೊರಳಿಗೆ ಹಾಕಿಕೊಂಡಿದ್ದಳು. ನನ್ನ ಮುಂದಿನವನ ಜೊತೆ ಸ್ಪ್ಯಾನಿಶ್‌ನಲ್ಲಿ ಮಾತಾಡುತ್ತ, ಅವನ ಫಾರಂ ತಾನೇ ತಿದ್ದಿಕೊಟ್ಟಳು. ನನ್ನ ಸರದಿ ಬಂದಾಗ ಕೇಸ್ ನಂಬರು ನೋಡಿ, ಈ ಕೇಸಿನಲ್ಲಿರುವವರು ನೀವೇನಾ ಎಂದು ಕೇಳಿದಳು.

"ಇರಬಹುದು" ಎಂದೆ.

ಆಕೆ ಕನ್ನಡಕ ಏರಿಸಿದಳು. "ಇಪ್ಪತ್ತು ವರ್ಷದಿಂದ ಇಲ್ಲಿ ಕೂತಿದ್ದೇನೆ. ಕೆಲವರು ಹೌದು ಅಂತಾರೆ, ಹೆಚ್ಚಿನವರು ಅಲ್ಲ ಅಂತಾರೆ. ಇರಬಹುದು ಅಂದವರು ನೀವೇ ಮೊದಲು."

ನನಗೆ ಕಣ್ಣಲ್ಲಿ ನೀರು ಬಂತು. ಆರ್ಟೀಸಿಯಾ, ಮಗಳು, ಕೊತ್ತಂಬರಿ ಎಂದು ಶುರು ಮಾಡಿದೆ. ಆಕೆ ಅಂಗೈ ಎತ್ತಿ ತಡೆದಳು.

"ಅಮ್ಮಾ, ನಾನು ಕೇಳದ್ದನ್ನು ಹೇಳಬೇಡಿ. ಇಲ್ಲಿ ಗೋಡೆಗಳಿಗೂ ಪೆನ್ನು ಇದೆ. ಫೈಲು ಹಳೆಯದು, ಕೆಳಗಿನಿಂದ ತರಿಸಬೇಕು. ಊಟ ಮಾಡಿಕೊಂಡು ಒಂದೂವರೆಗೆ ಬನ್ನಿ."

ಹೊರಗಿನ ಬೆಂಚಿನ ಮೇಲೆ ಚಪಾತಿ ಶೇಂಗಾ ಚಟ್ನಿ ಬಿಚ್ಚಿ ಕುಳಿತೆ. ಪಕ್ಕದಲ್ಲಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ ಒಬ್ಬ ಅಪ್ಪ ತನ್ನ ಮಗನ ಕಾಲರ್ ಸರಿಮಾಡುತ್ತಿದ್ದ. ಕೋರ್ಟಿಗೆ ಬರುವವರೆಲ್ಲ ಕೆಟ್ಟವರು ಎಂದು ಸಣ್ಣಂದಿನಿಂದ ನಂಬಿಕೊಂಡು ಬಂದವಳು ನಾನು. ಆ ಬೆಂಚಿನ ಮೇಲೆ ಕುಳಿತವರು ನಮ್ಮೂರ ದವಾಖಾನೆಯ ಮುಂದೆ ಕುಳಿತವರಂತೆಯೇ ಇದ್ದರು, ಹೆದರಿ, ಹಸಿದು.

ಒಂದೂವರೆಗೆ ಫೈಲು ಬಂದಿತ್ತು, ತೆಳ್ಳಗೆ, ಐದಾರು ಹಾಳೆ. ಆಕೆ ಮೊದಲ ಹಾಳೆ ತಿರುಗಿಸಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು.

"ನಿಮ್ಮ ಎತ್ತರ ಎಷ್ಟು?"

"ಐದಡಿಗೆ ಒಂದಿಂಚು ಕಡಿಮೆ."

"ಈಕೆ ಐದಡಿ ಏಳಿಂಚು. ನಿಮ್ಮ ಲೈಸೆನ್ಸ್ ಕೊಡಿ." ನಂಬರು ಹೋಲಿಸಿದಳು. "ಇದು ನೀವಲ್ಲ."

ಪೊಲೀಸರು ದಾರಿಯಲ್ಲಿ ಕಾರು ನಿಲ್ಲಿಸಿ ಬರೆದುಕೊಟ್ಟ ದಂಡದ ಟಿಕೆಟ್ಟು ಅದು. ಫೈಲಿನಾಕೆಯ ಡ್ರೈವಿಂಗ್ ಲೈಸೆನ್ಸ್ ಅವಧಿ ಮುಗಿದಿತ್ತು. ನಮ್ಮಂಥವರ ಲೈಸೆನ್ಸು ವೀಸಾ ಮುಗಿದ ದಿನವೇ ಮುಗಿಯುತ್ತದೆ. ವೀಸಾ ಮುಂದುವರಿದ ಕಾಗದ ಬರುವುದು ತಡ, ಮಕ್ಕಳನ್ನು ಶಾಲೆಗೆ ಬಿಡುವ ಕೆಲಸ ಮಾತ್ರ ನಿಲ್ಲುವುದಿಲ್ಲ. ಹೊಸ ಲೈಸೆನ್ಸು ಕೈಗೆ ಬರದೆ, ಹೋಗಿ ಏನು ತೋರಿಸಲಿ ಎಂದುಕೊಂಡಿರಬೇಕು, ಟಿಕೆಟ್ಟಿನಲ್ಲಿ ಬರೆದಿದ್ದ ದಿನ ಆಕೆ ಕೋರ್ಟಿಗೆ ಹೋಗಿರಲಿಲ್ಲ. ಅದೇ ಅಪರಾಧವಾಗಿತ್ತು.

"ಆದರೆ ಹೆಸರೂ ಅದೇ, ಹುಟ್ಟಿದ ದಿನವೂ ಅದೇ" ಎಂದು ಕ್ಲರ್ಕ್ ಹುಬ್ಬು ಗಂಟಿಕ್ಕಿದಳು.

ಆಗ ನನಗೆ ನಗು ಬಂತು. ಎರಡು ದಿನ ತಲೆಗೆ ಹೊಳೆಯದ್ದು ಆಗ ಹೊಳೆಯಿತು. ನಾನು ಹುಟ್ಟಿದ್ದು ನಾಗರ ಪಂಚಮಿಯ ಮರುದಿನ, ಅಷ್ಟೇ ಅವ್ವನಿಗೆ ನೆನಪು. ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಸೇರುವ ವಯಸ್ಸಿನ ಲೆಕ್ಕ ಸರಿಹೋಗಲಿ ಎಂದು ಜೂನ್ ಒಂದು ಎಂದು ಬರೆದರು. ನನಗಷ್ಟೇ ಅಲ್ಲ, ನನ್ನ ಕ್ಲಾಸಿನ ಅರ್ಧ ಮಕ್ಕಳಿಗೆ. ಹೆಸರೋ, ನಮ್ಮ ಕಡೆ ಯಾವ ಓಣಿಯಲ್ಲಿ ನಿಂತು ಕೂಗಿದರೂ ಇಬ್ಬರು ಓ ಎನ್ನುತ್ತಾರೆ. ಇದನ್ನೆಲ್ಲ ನನ್ನ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಆಕೆ ಪಕ್ಕದ ಕಿಟಕಿಯವಳನ್ನೂ ಕರೆದು ಕೇಳಿಸಿದಳು. ಇಬ್ಬರೂ ಮನಸಾರೆ ನಕ್ಕರು.

ಆಮೇಲೆ ಗಂಭೀರವಾಗಿ ಕೊನೆಯ ಹಾಳೆ ತೆಗೆದು ಬೆರಳಿಟ್ಟಳು. "ಎಲ್ಲರೂ ಮೊದಲ ಹಾಳೆ ನೋಡಿ ಓಡುತ್ತಾರೆ. ಇದನ್ನು ಓದಿ." ಎರಡು ತಿಂಗಳ ಮೇಲೆ ಆಕೆ ಬಂದು ಹೊಸ ಲೈಸೆನ್ಸ್ ತೋರಿಸಿದ್ದಳು. ಕೇಸು ವಜಾ ಆಗಿತ್ತು. ವರದಿಯಲ್ಲಿ ಖಾಲಿ ಬಿಟ್ಟಿದ್ದ ಜಾಗದಲ್ಲಿ ಬರೆಯಬೇಕಾಗಿದ್ದುದು ಇಷ್ಟೇ.

ಮುದ್ರೆ ಹಾಕಿದ ಪ್ರತಿ ಕೇಳಿದೆ. ಕೊಟ್ಟಳು. ಬಾಗಿಲವರೆಗೆ ಹೋದವಳು ತಿರುಗಿ ಬಂದು ಇನ್ನೊಂದು ಪ್ರತಿ ಬೇಕು ಎಂದೆ. ಯಾರಿಗೆ ಎಂದು ಕೇಳಿದಳು. ಫೈಲಿನ ಮೇಲಿನ ಹೆಸರು ತೋರಿಸಿ, ಈಕೆಗೆ ಎಂದೆ. ಆಕೆ ಮತ್ತೊಮ್ಮೆ ಮುದ್ರೆ ಒತ್ತಿದಳು. ಧನ್ಯವಾದ ಹೇಳಲು ಬಾಯಿ ತೆರೆದರೆ, ಮುಂದಿನವರು ಬನ್ನಿ ಎಂದು ಕೂಗಿದಳು.

ಕಾಗದಗಳನ್ನು ಪರಿಶೀಲನೆ ಕಂಪನಿಗೂ ಎಚ್‌ಆರ್ ಹೆಂಗಸಿಗೂ ಕಳಿಸಿದೆ. ಶುಕ್ರವಾರ ಆಕೆಯೇ ಫೋನ್ ಮಾಡಿ, ಎಲ್ಲ ಸರಿಯಾಯಿತು, ಯಾವತ್ತು ಸೇರುತ್ತೀರಿ ಎಂದಳು. ನಾನು ಅಡುಗೆ ಮನೆಯಲ್ಲಿ ನಿಂತು ಜೋರಾಗಿ ಅತ್ತೆ. ಮಗಳು ಓಡಿಬಂದು "ವಾಟ್ ಹ್ಯಾಪನ್ಡ್?" ಎಂದಳು. ಅವ್ವಗ ನೌಕರಿ ಸಿಕ್ತವ್ವಾ ಎಂದೆ.

ಎರಡನೆಯ ಪ್ರತಿಯನ್ನು ಟಿಕೆಟ್ಟಿನಲ್ಲಿದ್ದ ವಿಳಾಸಕ್ಕೆ ಅಂಚೆಯಲ್ಲಿ ಹಾಕಿದೆ. ಜೊತೆಗೆ ಕನ್ನಡದಲ್ಲಿ ನಾಲ್ಕು ಸಾಲು: ನಿಮ್ಮ ಕೇಸು ಮುಗಿದಿದೆ, ಆದರೆ ಕೆಲಸಕ್ಕೆ ಹೋದಾಗ ವರದಿಯಲ್ಲಿ ಅದು ಹೀಗೆ ಅರ್ಧಂಬರ್ಧ ಕಾಣುತ್ತದೆ, ಈ ಕಾಗದ ಜೋಪಾನವಾಗಿಟ್ಟುಕೊಳ್ಳಿ. ಕೆಳಗೆ ನನ್ನ ಹೆಸರು, ಅಂದರೆ ಆಕೆಯದೇ ಹೆಸರು, ಮತ್ತು ಫೋನ್ ನಂಬರು. ಐದು ವರ್ಷದ ಹಿಂದಿನ ವಿಳಾಸ, ತಲುಪುತ್ತದೆಂಬ ಭರವಸೆಯೇನೂ ಇರಲಿಲ್ಲ.

ಕೆಲಸಕ್ಕೆ ಸೇರಿ ಎರಡು ವಾರವಾಗಿತ್ತು. ಊಟದ ಹೊತ್ತಿಗೆ ಲ್ಯಾಬಿನ ಹೊರಗೆ ನಿಂತಿದ್ದಾಗ ಗೊತ್ತಿಲ್ಲದ ನಂಬರಿನಿಂದ ಫೋನ್ ಬಂತು.

"ನಮಸ್ಕಾರ್ರಿ ಅಕ್ಕಾರ. ನಾ ನಿಮ್ಮ ಹೆಸರಿನಾಕಿ ಮಾತಾಡಾಕತ್ತೀನ್ರಿ."

ಹುಬ್ಬಳ್ಳಿ ಕಡೆಯ ಮಾತು. ನಾನು ಅಲ್ಲೇ ಮೆಟ್ಟಿಲ ಮೇಲೆ ಕುಳಿತೆ. ಪತ್ರ ಸಿಕ್ಕಿತು, ಮೂರು ಸಲ ಓದಿದೆ ಎಂದಳು. ನಿಮಗೆ ಯಾರೂ ಈ ವರದಿ ಕಳಿಸಿರಲಿಲ್ಲವೇ ಎಂದು ಕೇಳಿದೆ.

"ಇಲ್ರಿ. ಮೂರ್ ಕಡೆ ಇಂಟರ್‌ವ್ಯೂ ಚಲೋ ಆದ್ವು. ಬರ್ರಿ ಅಂತ ಹೇಳಿದ್ರು, ಆಮ್ಯಾಲೆ ಸುದ್ದಿನ ಇಲ್ಲ. ಯಾಕಂತ ಒಬ್ಬರೂ ಹೇಳಲಿಲ್ಲ." ಎಂದಳು. "ನನ್ನ ಇಂಗ್ಲಿಷ್ ಸರಿ ಇಲ್ಲ ಅಂತ ತಿಳಕೊಂಡಿದ್ದೆ ಅಕ್ಕಾರ. ನಾಲ್ಕ್ ತಿಂಗಳಾತು, ವಾರಕ್ಕ ಮೂರ್ ದಿನ ಇಂಗ್ಲಿಷ್ ಕ್ಲಾಸಿಗೆ ಹೊಂಟೀನಿ."