ಇನ್ನೆರಡು ಮನೆ

ಮೂಲೆಗುಂಪಾದವರು ಲೋಕದಲ್ಲಿ ಬೇಕಾದಷ್ಟು ಮಂದಿ. ಮೂಲೆಯಲ್ಲಿ ಕೂರುವುದಕ್ಕೇ ಸಂಬಳ ಪಡೆಯುವವರು ಮಾತ್ರ ನಮ್ಮ ಮೂಲೆಯಕ್ಕ ಒಬ್ಬರೇ ಇರಬೇಕು. ಕೋರ್ಟಿನ ಹಿಂಬದಿಯ ಒಂದು ಕೋಣೆಯಲ್ಲಿ ಅವರ ಕುರ್ಚಿ. ಬೇರೆಯಾದ ಗಂಡಹೆಂಡಿರಲ್ಲಿ ಯಾರ ಕೈಗೆ ಮಗುವನ್ನು ಒಂಟಿಯಾಗಿ ಬಿಡಲು ನ್ಯಾಯಾಧೀಶರಿಗೆ ಧೈರ್ಯವಿಲ್ಲವೋ ಅವರು ಇಲ್ಲಿ, ಮೂಲೆಯಕ್ಕನ ಕಣ್ಣೆದುರು, ಮಗುವನ್ನು ನೋಡಬೇಕು. ಕಾಗದದ ಮೇಲೆ ಇದು ‘ಮೇಲ್ವಿಚಾರಣೆಯ ಭೇಟಿ’. ಬರುವವರಿಗೆ ಮೇಲಿಂದ ಮೇಲೆ ವಿಚಾರಣೆ. ಕೆಲವರ ಪಾಲಿಗಂತೂ ಭೇಟಿಯ ಮಹಾಪ್ರಾಣವೇ ಹಾರಿಹೋಗಿ ಬರೀ ಬೇಟೆ.

ಮೂಲೆಯಕ್ಕ ಮೊದಲು ಶಿಶುವಿಹಾರದಲ್ಲಿ ಟೀಚರಾಗಿದ್ದವರು. ಸ್ವಂತ ಮಕ್ಕಳಿಲ್ಲ. “ಅದಕ್ಕೇ ನಿಮಗೆ ಗೊತ್ತಾಗಲ್ಲ” ಎಂದು ಅಪ್ಪಂದಿರೂ ಅಮ್ಮಂದಿರೂ ಸರದಿಯಂತೆ ಬೈದು ಹೋಗಿದ್ದಾರೆ. ಆ ಒಂದು ವಿಷಯದಲ್ಲಿ ಎರಡೂ ಪಕ್ಷದವರಿಗೆ ಒಮ್ಮತ. ಮಗುವಿನ ಮುಂದೆ ಅವರು ಪೆನ್ನು ತೆಗೆಯುವುದಿಲ್ಲ. ಪೆನ್ನು ಕಂಡರೆ ದೊಡ್ಡವರು ನಾಟಕ ಶುರುಮಾಡುತ್ತಾರೆ, ಮಕ್ಕಳು ಮಾತು ನಿಲ್ಲಿಸುತ್ತಾರೆ. ಅದಕ್ಕೇ ಮೂಲೆಯಕ್ಕ ಕಡ್ಡಿ ಹಿಡಿದು ಸ್ವೆಟರ್ ಹೆಣೆಯುತ್ತ ಕೂರುತ್ತಾರೆ.

“ಯಾರಿಗೆ ಅಕ್ಕ ಅದು?” ಎಂದು ಕೇಳಿದರೆ, “ಯಾರಿಗೂ ಅಲ್ಲ. ಸಂಜೆ ಬಿಚ್ತೀನಿ.”

ಆ ಶನಿವಾರ ಬಂದವನು ಲಿಫ್ಟ್ ರಿಪೇರಿಯವನು. ಏರಿಳಿತ ಅವನ ಕಸುಬೇ. ಆದರೆ ಹೋದ ವರ್ಷ ಹೆಂಡತಿಯೊಡನೆ ಜಗಳವಾದ ಬಿಸಿಯಲ್ಲಿ ಮಗಳನ್ನು ಶಾಲೆಯಿಂದಲೇ ಎತ್ತಿಕೊಂಡು, ಯಾರಿಗೂ ಹೇಳದೆ ಊರುಬಿಟ್ಟಿದ್ದ. ಎರಡು ದಿನ ಬಿಟ್ಟು ತಾನೇ ಕರೆತಂದ. ಆ ಎರಡು ದಿನ ತಾಯಿಗೆ ಹೇಗೆ ಕಳೆದಿರಬಹುದೆಂದು ಅವನಿಗೆ ತಡವಾಗಿ ಹೊಳೆಯಿತು. ಇನ್ನೊಂದು ದೂರು ಬಂದರೆ ಭೇಟಿಯೇ ಬಂದ್ ಎಂದು ನ್ಯಾಯಾಧೀಶರು ಹೇಳಿದ್ದರು.

ಕೋಣೆಯ ನಿಯಮಗಳು ಸರಳ. ಪಿಸುಮಾತು ಕೂಡದು. ನನ್ನ ಜೊತೆ ಬಾ ಅನ್ನಕೂಡದು. ಬಾಗಿಲು ಅರ್ಧ ತೆರೆದಿರಬೇಕು. ಹೊರಗಿನ ಬೆಂಚಿನ ಮೇಲೆ ಮಗುವಿನ ತಾಯಿ ಮತ್ತು ಆಕೆಯ ಅಣ್ಣ. ಅಣ್ಣ ಡ್ರೈವಿಂಗ್ ಕಲಿಸುವವನು. ಪಕ್ಕದವರ ಗಾಡಿಗೆ ಬ್ರೇಕ್ ಹಾಕಿ ಹಾಕಿ, ತನ್ನ ಬಾಯಿಗೆ ಹಾಕುವುದನ್ನು ಮರೆತಿದ್ದ.

ಅಪ್ಪ ಮಗಳು ಮೇಜಿನ ಮೇಲೆ ಲೂಡೊ ಹರಡಿಕೊಂಡಿದ್ದರು. ಮಗಳ ಹಳದಿ ಕಾಯಿಯ ಬೆನ್ನಿಗೇ ಅಪ್ಪನ ಕೆಂಪು ಕಾಯಿ ಬಂದು ನಿಂತಿತು.

“ಅಪ್ಪಾ, ಹೊಡೀಬೇಡ! ಬೇಡ, ಹೊಡೀಬೇಡ!” ಮಗು ಕಿರುಚಿತು, ನಗುತ್ತಲೇ.

ಮೂಲೆಯಕ್ಕನ ಕಡ್ಡಿ ನಿಂತಿತು. ಕಣ್ಣು ಬಾಗಿಲ ಕಡೆ ಹೋಯಿತು.

“ಹೊಡೆಯಲ್ಲ ಪುಟ್ಟಿ. ಇನ್ನೆರಡು ಮನೆ ದಾಟಿ ಬಂದ್ಬಿಡು. ಆಮೇಲೆ ನಿನ್ನ ಯಾರೂ ಹಿಡಿಯೋಕಾಗಲ್ಲ.”

ಅರ್ಧ ತೆರೆದ ಬಾಗಿಲಿನಲ್ಲಿ ನಗು ಸೋಸಿಹೋಗಿ ಮಾತಷ್ಟೇ ಹೊರಬಿದ್ದಿತ್ತು. ಸೋದರಮಾವ ಒಳಗೆ ನುಗ್ಗಿದ.

“ಕೇಳಿಸ್ಕೊಂಡ್ರಾ? ಹೊಡೀತಾನೆ! ಮತ್ತೆ ಹಾರಿಸ್ಕೊಂಡು ಹೋಗೋ ಪ್ಲಾನು!”

“ಹೊಡೆಯೋದು ಕಾಯಿ ಸ್ವಾಮಿ. ಮನೆ ಅಂದಿದ್ದು ಹಾಸಿನ ಮೇಲಿನ ಮನೆ. ಲೂಡೊ ಆಡ್ತಿದ್ದಾರೆ,” ಎಂದರು ಮೂಲೆಯಕ್ಕ.

“ಲೂಡೊನೋ ಲೂಟಿನೋ! ಒಂದ್ಸಲ ಮಗೂನೇ ಲೂಟಿ ಮಾಡಿದವನು ಇವನು!”

ಅವನು ಬೀಸಿದ ಕೈಗೆ ಸಿಕ್ಕಿ ಹಾಸು ಮಗುಚಿ ಕಾಯಿಗಳು ಚೆಲ್ಲಾಪಿಲ್ಲಿಯಾದವು. ಮಗು ಮೇಜಿನಡಿ ಸೇರಿತು. ಒಂದು ಕಡೆಯಿಂದ ಮಾವ ಬಗ್ಗಿ ಅದರ ತೋಳು ಹಿಡಿದೆಳೆದ. ಇನ್ನೊಂದು ಕಡೆಯಿಂದ ಅಪ್ಪ ಕೈ ಚಾಚಿದ. “ಇಲ್ಲಿ ಬಾ, ನಾನಿದ್ದೀನಿ.” ಮಗು ಯಾವ ಕಡೆಗೂ ಬರಲಿಲ್ಲ. ಮಂಡಿಯಲ್ಲಿ ಮುಖ ಹುದುಗಿಸಿತು.

“ಇಬ್ಬರೂ ಕೈ ತೆಗೀರಿ.” ಮೂಲೆಯಕ್ಕ ಎದ್ದು ನಿಂತಿದ್ದರು. ಅವರು ಎದ್ದು ನಿಂತಿದ್ದನ್ನು ಆ ಕೋಣೆಯಲ್ಲಿ ಕಂಡವರು ಕಡಿಮೆ.

“ನಾನು ಅವಳ ಸೋದರಮಾವ!”

“ಯಾರಾದ್ರೂ ಸರಿ. ಮಗು ಹಗ್ಗ ಅಲ್ಲ, ಜಗ್ಗೋಕೆ.”

ಮಾವ ಕೈ ಬಿಟ್ಟ, ಬಾಯಿ ಬಿಡಲಿಲ್ಲ. “ಇವನಂಥವನನ್ನ ಒಳಗೆ ಬಿಡೋದೇ ತಪ್ಪು. ಅಪ್ಪನಂತೆ ಅಪ್ಪ!”

ಲಿಫ್ಟ್ ರಿಪೇರಿಯವನು ನೆಟ್ಟಗಾದ. ಬಲಗೈ ಮುಷ್ಟಿಯಾಯಿತು. ಮೂಲೆಯಕ್ಕ ಅವನ ಮುಖ ನೋಡಲಿಲ್ಲ, ಮುಷ್ಟಿಯನ್ನೇ ನೋಡಿದರು. ಅದು ಎದ್ದರೆ ಭೇಟಿ ಇವತ್ತಿಗೆ ಮಾತ್ರವಲ್ಲ, ಎಂದೆಂದಿಗೂ ಮುಗಿದಂತೆ. ಮೇಜಿನಡಿಯಿಂದ ಇನ್ನೆರಡು ಕಣ್ಣುಗಳೂ ಅದನ್ನೇ ನೋಡುತ್ತಿದ್ದವು.

ಅವನಿಗೆ ಆ ಕಣ್ಣುಗಳು ಕಂಡವು. ಮುಷ್ಟಿ ಸಡಿಲಾಯಿತು. ಹಿಂದೆ ಸರಿದು ಗೋಡೆಗೊರಗಿ ನೆಲದ ಮೇಲೆ ಕುಸಿದು ಕುಳಿತ.

“ಪುಟ್ಟಿ, ಇವತ್ತಿಗೆ ಆಟ ಸಾಕು. ಹೊರಗೆ ಅಮ್ಮ ಇದ್ದಾಳೆ. ಹೋಗು.”

ಇನ್ನೂ ಅರ್ಧಕ್ಕಿಂತ ಹೆಚ್ಚು ಹೊತ್ತು ಅವನದ್ದೇ ಇತ್ತು. ವಾರವಿಡೀ ಕಾದಿದ್ದ ಹೊತ್ತು.

“ನಾನು ಹೋದ್ರೆ ನೀನು ಬಯ್ತೀಯಾ?” ಮೇಜಿನಡಿಯಿಂದ ಪ್ರಶ್ನೆ.

“ಇಲ್ಲ.”

“ಅಳ್ತೀಯಾ?”

“ಸ್ವಲ್ಪ,” ಎಂದ. “ಆಮೇಲೆ ಸರಿಹೋಗುತ್ತೆ.”

ಮಗು ತೆವಳಿಕೊಂಡು ಹೊರಬಂತು. ಬಾಗಿಲಲ್ಲಿ ಬಂದು ನಿಂತಿದ್ದ ತಾಯಿಯ ಕಾಲನ್ನು ತಬ್ಬಿತು.

“ಇವತ್ತೇ ದೂರು ಕೊಡ್ತೀನಿ,” ಎಂದ ಅಣ್ಣ. “ಇವರೇ ಸಾಕ್ಷಿ.”

“ಸಾಕ್ಷಿನೇ,” ಎಂದರು ಮೂಲೆಯಕ್ಕ. “ಅಪ್ಪ ಕೈ ಚಾಚಿದ್ದು, ಮುಷ್ಟಿ ಕಟ್ಟಿದ್ದು, ಎಲ್ಲಾ ಹೇಳ್ತೀನಿ. ಎಳೆದವರು ಯಾರು, ಬಿಟ್ಟುಕೊಟ್ಟವರು ಯಾರು ಅನ್ನೋದನ್ನೂ ಹೇಳ್ತೀನಿ.”

ತಾಯಿ ಮಗಳ ತೋಳಿನ ಮೇಲೆ ಮೂಡಿದ್ದ ಬೆರಳಿನ ಗುರುತನ್ನು ಉಜ್ಜುತ್ತಿದ್ದಳು. ಅದು ಯಾರ ಬೆರಳೆಂದು ಅವಳು ಕಂಡಿದ್ದಳು.

“ದೂರು ಬೇಡ ಅಣ್ಣಾ. ಮುಂದಿನ ವಾರ ನಾವಿಬ್ಬರೇ ಬರ್ತೀವಿ.”

“ತಲೆ ಕೆಟ್ಟಿದೆಯಾ? ಯಾರು ಕರ್ಕೊಂಡು ಬರ್ತಾರೆ ನಿಮ್ಮನ್ನ?”

“ಬಸ್ಸು.”

ಮಗು ತಾಯಿಯ ಬೆನ್ನ ಹಿಂದಿನಿಂದ ಇಣುಕಿತು. “ಅಪ್ಪಾ, ನೀನೂ ಬರ್ತೀಯಾ?”

ಅವನು ಮೊದಲು ಅವಳ ತಾಯಿಯ ಮುಖ ನೋಡಿದ. ಆಕೆ ತಲೆಯಾಡಿಸಿದ ಮೇಲೆಯೇ, “ಬರ್ತೀನಿ” ಎಂದ.